ಮುಳ್ಳು ಚುಚ್ಚಿದ ಜಾಗಕ್ಕೆ ಬಿಳಿ ರಕ್ತಕಣ ಬರೋದು ಹೇಗೆ

ಮಗಳ ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಗಾಗಿ ಊದ್ಕೊಂಡು ಕೀವಾಗಿತ್ತು, ಡಾಕ್ಟ್ರು ಕ್ಲೀನ್ ಮಾಡಿ ಕಳ್ಸಿದ್ರು, ನಂಗೆ ಮಾತ್ರ ಆ ಕೀವಿನದ್ದೇ ಯೋಚ್ನೆ. ಅದ್ರಲ್ಲಿರೋದು ಹೆಚ್ಚಾಗಿ ಸತ್ತ ನ್ಯೂಟ್ರೋಫಿಲ್‌ಗಳು, ಅಂದ್ರೆ ಒಂದು ಜಾತಿ ಬಿಳಿ ರಕ್ತಕಣ. ಮೈಯೆಲ್ಲಾ ಸುತ್ತೋ ಅವಕ್ಕೆ ಗಾಯ ಇಲ್ಲೇ ಇದೆ ಅಂತ ಗೊತ್ತಾಗೋದು ಹೇಗೆ? ಗಾಯದ ಹತ್ರದ ಜೀವಕೋಶಗಳು ಐಎಲ್-8 ಥರದ ಕೀಮೋಕೈನ್, ಅಂದ್ರೆ ಕಣಗಳನ್ನ ಕರೆಯೋ ಕೆಮಿಕಲ್ ಬಿಡ್ತವೆ, ಪಕ್ಕದ ರಕ್ತನಾಳದ ಒಳಗೋಡೆ ಅಂಟಂಟಾಗುತ್ತೆ, ಹರಿದು ಹೋಗ್ತಿದ್ದ ಕಣ ಆ ಗೋಡೆ ಮೇಲಿನ ಸೆಲೆಕ್ಟಿನ್ ಅನ್ನೋ ಪ್ರೋಟೀನ್‌ಗೆ ಸಿಕ್ಕಿ ಉರುಳ್ತಾ ನಿಧಾನ ಆಗಿ, ಆಮೇಲೆ ತನ್ನ ಮೈಮೇಲಿನ ಇಂಟೆಗ್ರಿನ್ ಅನ್ನೋ ಪ್ರೋಟೀನ್‌ನಿಂದ ಗಟ್ಟಿಯಾಗಿ ಕಚ್ಕೊಂಡು, ಗೋಡೆ ಸಂದೀಲಿ ನುಸುಳಿ, ಬೆಲ್ಲದ ಡಬ್ಬಿ ಹುಡುಕೋ ಇರುವೆ ಥರ ಕೆಮಿಕಲ್ ಎಲ್ಲಿ ಜಾಸ್ತಿಯೋ ಆ ಕಡೆಗೇ ಹೋಗುತ್ತೆ. ಮೊದಲು ತಲುಪಿದವು ಎಲ್‌ಟಿಬಿ4 ಅನ್ನೋ ಕೆಮಿಕಲ್ ಬಿಟ್ಟು ಇನ್ನಷ್ಟು ಕಣಗಳನ್ನ ಕರೀತವೆ. ಎಂಥಾ ಏರ್ಪಾಡು!

1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ರು, ಮರುದಿನ ನೋಡಿದ್ರೆ ಮುಳ್ಳಿನ ಸುತ್ತ ಕಣಗಳು ಮುತ್ಕೊಂಡಿದ್ವು. 1908ರಲ್ಲಿ ಅವ್ರಿಗೆ ನೊಬೆಲ್ ಬಂತು.

ತೀರಾ ಅಪರೂಪಕ್ಕೆ ಕೆಲವು ಮಕ್ಕಳಿಗೆ ಹುಟ್ಟಿನಿಂದ್ಲೇ ಈ ಇಂಟೆಗ್ರಿನ್ ಸರಿ ಇರಲ್ವಂತೆ, ರಕ್ತದಲ್ಲಿ ಬಿಳಿಕಣ ಬೇಕಾದಷ್ಟು ಇರ್ತವೆ ಆದ್ರೆ ಹೊರಗೆ ಬರೋಕಾಗಲ್ಲ, ಇನ್ಫೆಕ್ಷನ್ ಮೇಲೆ ಇನ್ಫೆಕ್ಷನ್, ಆದ್ರೂ ಕೀವೇ ಕಟ್ಟಲ್ಲ. ಓದಿ ಕರುಳು ಚುರುಕ್ ಅಂತು. ಹೊಕ್ಕುಳಬಳ್ಳಿ ತಡವಾಗಿ ಬೀಳೋದೂ ಅದರ ಒಂದು ಸೂಚನೆ, ಹಾಗಾಗಿ ಮನೇಲಿ ಎಳೆಮಗು ಇದ್ದು ಮೂರ್ನಾಲ್ಕು ವಾರ ಆದ್ರೂ ಬಳ್ಳಿ ಬಿದ್ದಿಲ್ಲ ಅಂದ್ರೆ ದಯವಿಟ್ಟು ಡಾಕ್ಟ್ರಿಗೆ ತೋರಿಸಿ.