ಮೊದಲು ಕಿವಿ ನೋಡಿ

ಕುದುರೆಯ ಫೋಟೊ ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಕಿವಿಯನ್ನು. ಎರಡೂ ಮುಂದಕ್ಕೆ ನಿಗುರಿದ್ದರೆ ಮುಖಕ್ಕೊಂದು ಕಳೆ. ಹಿಂದಕ್ಕೆ ಒತ್ತಿ ಮಲಗಿದ್ದರೆ ಅದಕ್ಕೆ ಸಿಟ್ಟು ಬಂದಿದೆ ಎಂದರ್ಥ; ದೂರ ಸರಿಯುವುದೇ ಲೇಸು. ಮೈಸೂರಿನಲ್ಲಿ ದಸರೆಗೆ ಮುನ್ನ ಅಶ್ವಾರೋಹಿ ಪೊಲೀಸರ ತಾಲೀಮು ನಡೆಯುವಾಗ ನನ್ನ ಜೇಬಿನಲ್ಲಿ ಖಾಲಿ ಚಿಪ್ಸ್ ಪೊಟ್ಟಣ ಇರುತ್ತದೆ. ಮೆಲ್ಲಗೆ ಒಮ್ಮೆ ಚರಚರ ಎನಿಸಿದರೆ ಸಾಕು, ಕಿವಿ ಇತ್ತ ತಿರುಗುತ್ತದೆ. ಬೆನ್ನ ಮೇಲೆ ಸವಾರನಿರುವಾಗ ಮಾತ್ರ ಈ ಚೇಷ್ಟೆ ಕೂಡದು.

ಮೊಬೈಲ್ ಹಿಡಿದು ಮೂತಿಯ ಬಳಿಗೇ ಹೋಗುವವರನ್ನು ಕಂಡರೆ ನನಗೆ ರೇಗುತ್ತದೆ. ಚಿತ್ರದಲ್ಲಿ ತಲೆ ಪೀಪಾಯಿಯಷ್ಟು, ಹಿಂಗಾಲು ಕಡ್ಡಿಯಷ್ಟು! ಹಿಂದೆ ಸರಿದು, ದೂರದ್ದನ್ನು ಹತ್ತಿರ ತರುವ 135ರಿಂದ 200 ಮಿಲಿಮೀಟರ್ ಲೆನ್ಸ್ ಹಾಕಿ, ಕುದುರೆಯ ಎದೆಯ ಮಟ್ಟಕ್ಕೆ ಬಗ್ಗಿ. ಕಪ್ಪು ಕುದುರೆಗಂತೂ ಬೆಳಗಿನ ಓರೆ ಬಿಸಿಲೇ ಬೇಕು. ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹವಣಿಸುತ್ತದೆ, ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ತುಸು ಇಳಿಸಿ.

ಓಟಕ್ಕೆ ಸೆಕೆಂಡಿನ 1/1000 ಶಟರ್ ವೇಗ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು ತೋರಿಸಿದ: ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಡುವುದು ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿದಾಗ. ಆ ಕ್ಷಣದ ಚಿತ್ರ ನನಗೇಕೋ ಹಿಡಿಸದು. ಮುಂಗಾಲು ಪೂರ್ತಿ ಚಾಚಿ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಒತ್ತುತ್ತೇನೆ. ಮೈಸೂರು ರೇಸ್ ಕೋರ್ಸ್‌ನಲ್ಲಿ ಹಿನ್ನೆಲೆಗೆ ಚಾಮುಂಡಿ ಬೆಟ್ಟ ಪುಕ್ಕಟೆ ಸಿಗುತ್ತದೆ. ಬೇಲಿಯ ಕಂಬ ಕುದುರೆಯ ನೆತ್ತಿಯಿಂದ ಮೂಡದಂತೆ ನೋಡಿಕೊಂಡರಾಯಿತು.