ಡೇನಿಯಲ್ ಸೆಲ್: ಸಾಲ್ಟ್ ಬ್ರಿಡ್ಜ್‌ಗೆ ತೋಟದ ಪೊಟ್ಯಾಷ್

ಡೇನಿಯಲ್ ಸೆಲ್ ಅಂದರೆ ಒಂದು ಲೋಟದಲ್ಲಿ ತಾಮ್ರ, ಇನ್ನೊಂದರಲ್ಲಿ ಸತು ಇಟ್ಟು ವಿದ್ಯುತ್ ಹುಟ್ಟಿಸುವ ಸರಳ ಬ್ಯಾಟರಿ. ಅದಕ್ಕೆ ಬೇಕಾದ ಮುಕ್ಕಾಲು ಪಾಲು ಸಾಮಾನು ನಮ್ಮ ಗೊಬ್ಬರದ ಶೆಡ್ಡಲ್ಲೇ ಇತ್ತು. ಕೊಡಗಿನ ಕಾಫಿ ತೋಟಗಳಲ್ಲಿ ಇದೇನೂ ವಿಶೇಷವಲ್ಲ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ಕಾಪರ್ ಸಲ್ಫೇಟ್), ಕಾಫಿ ಎಲೆಗೆ ಹೊಡೆಯುವ ಜಿಂಕ್ ಸಲ್ಫೇಟ್ ಎರಡೂ ಸಿಕ್ಕವು. ತಾಮ್ರದ ತಂತಿ, ಸತುವಿನ ಪಟ್ಟಿಯೂ ಆಯಿತು. ಉಳಿದದ್ದು ಸಾಲ್ಟ್ ಬ್ರಿಡ್ಜ್, ಅಂದರೆ ಎರಡು ಲೋಟದ ದ್ರಾವಣಗಳನ್ನು ಜೋಡಿಸುವ ಉಪ್ಪು ತುಂಬಿದ ಕೊಳವೆ. ಅದಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೇಕು. ಲ್ಯಾಬಿನದ್ದು ತರಿಸಿದರೆ ಅರ್ಧ ಕಿಲೋ ಬಾಟಲಿಯೇ ಬರುತ್ತದೆ, ನಮಗೆ ಬೇಕಾದ್ದು ಕೆಲವೇ ಚಮಚ.

ಅಣ್ಣನ ಮಗಳು ಎರಡನೇ ಪಿಯುಸಿ. "ಚಿಕ್ಕಪ್ಪ, ಅಡುಗೆ ಉಪ್ಪು ಆಗಲ್ವಾ?" ಎಂದಳು. ಖಂಡಿತ ಆಗುತ್ತದೆ. ಆದರೆ ಬ್ರಿಡ್ಜಿನಲ್ಲಿ ಉಪ್ಪಿನ ಕೆಲಸ ಏನು ಅಂತ ನೋಡಬೇಕು. ಅದರ ಎರಡು ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ಎರಡು ಕಡೆಗೆ ಹರಿದು ವಿದ್ಯುದಂಶವನ್ನು ಸರಿತೂಗಿಸುತ್ತವೆ. ಪೊಟ್ಯಾಸಿಯಂ, ಕ್ಲೋರೈಡ್ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಚಲಿಸುತ್ತವೆ. ಅಡುಗೆ ಉಪ್ಪಿನ ಸೋಡಿಯಂ ಮಾತ್ರ ಕ್ಲೋರೈಡಿಗಿಂತ ಮೂರನೇ ಒಂದು ಭಾಗದಷ್ಟು ನಿಧಾನ. ಆ ವ್ಯತ್ಯಾಸದಿಂದ ಬ್ರಿಡ್ಜಿನ ತುದಿಗಳಲ್ಲೇ ಕೆಲವು ಮಿಲಿವೋಲ್ಟ್ ಹುಟ್ಟಿ ಅಳತೆಗೆ ಸೇರಿಕೊಳ್ಳಬಹುದು.

ಹಾಗಾಗಿ ಗೊಬ್ಬರದ ಕೆಂಪು ಪೊಟ್ಯಾಷ್ ತೆಗೆದುಕೊಂಡೆವು. ಅದು ಬಹುಪಾಲು ಪೊಟ್ಯಾಸಿಯಂ ಕ್ಲೋರೈಡೇ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು, ನೀರಲ್ಲಿ ಕರಗುವುದಿಲ್ಲ. ಬಿಸಿನೀರಲ್ಲಿ ಕರಗಿಸಿ, ತಿಳಿಯಾಗಲು ಬಿಟ್ಟು, ಬಿಸಿ ಇರುವಾಗಲೇ ಫಿಲ್ಟರ್ ಪೇಪರಲ್ಲಿ ಸೋಸಿದೆವು. ನಂತರ ಸುಮ್ನೆ ತಣಿಯಲು ಬಿಟ್ಟದ್ದು. 100 ಮಿಲಿ ನೀರಿನಲ್ಲಿ ಕುದಿಯುವಾಗ ಸುಮಾರು 56 ಗ್ರಾಂ ಕರಗುತ್ತದೆ, 20 ಡಿಗ್ರಿಯಲ್ಲಿ 34 ಗ್ರಾಂ ಮಾತ್ರ. ಮಿಕ್ಕದ್ದು ಹರಳಾಗಿ ತಳ ಸೇರುತ್ತದೆ. ಅಡುಗೆ ಉಪ್ಪು ಬಿಸಿಗೂ ತಣ್ಣಗೂ ಹೆಚ್ಚುಕಮ್ಮಿ ಒಂದೇ ಅಷ್ಟು ಕರಗುವುದರಿಂದ, ಪೊಟ್ಯಾಷಿನಲ್ಲಿ ಬೆರೆತ ಸ್ವಲ್ಪ ಸೋಡಿಯಂ ನೀರಲ್ಲೇ ಉಳಿಯುತ್ತದೆ. ಬಿಳಿ ಹರಳು ನೋಡಿ ನನಗಂತೂ ತುಂಬಾ ಖುಷಿಯಾಯಿತು.

ಅದರ ಗಟ್ಟಿ ದ್ರಾವಣದಲ್ಲಿ ಜೆಲ್ಲಿ ಮಾಡುವ ಚೈನಾ ಗ್ರಾಸ್ ಕುದಿಸಿ, ಬಗ್ಗಿಸಿದ ಪ್ಲಾಸ್ಟಿಕ್ ಕೊಳವೆಗೆ ತುಂಬಿದೆವು. ಗಟ್ಟಿಯಾದ ಮೇಲೆ ಎರಡೂ ಲೋಟಕ್ಕೆ ಇಳಿಬಿಟ್ಟರೆ ಮೀಟರ್ 1.1 ವೋಲ್ಟ್ ಹತ್ತಿರ ನಿಂತಿತು. ಅಡುಗೆ ಉಪ್ಪಿನ ಬ್ರಿಡ್ಜಿಗೂ ನಮ್ಮ ಮೀಟರಿನಲ್ಲಿ ಬೇರೆ ಅಂಕಿ ಕಾಣಲಿಲ್ಲ. ತರಗತಿಯಲ್ಲಿ ತೋರಿಸಲು ಉಪ್ಪೇ ಸಾಕು. ಅಳೆಯುವ ಕೆಲಸಕ್ಕೆ ನಾನು ಪೊಟ್ಯಾಷನ್ನೇ ಆರಿಸುತ್ತೇನೆ.

ಮೈಲುತುತ್ತ ವಿಷ. ಅಡುಗೆ ಪಾತ್ರೆ ಮುಟ್ಟಿಸಬೇಡಿ, ಆ ನೀರನ್ನು ತೋಡಿಗೆ, ಕೆರೆಗೆ ಚೆಲ್ಲಲೇಬೇಡಿ. ಮೀನು ಸಾಯುತ್ತವೆ.

ಮುಂದಿನದು ಬೆಳ್ಳಿಯ ಸೆಲ್. ಅಲ್ಲಿ ಯಾವ ಕ್ಲೋರೈಡೂ ನಡೆಯುವುದಿಲ್ಲ, ಬೆಳ್ಳಿ ಬಿಳಿ ಗಸಿಯಾಗಿ ಕೂರುತ್ತದೆ. ಅದಕ್ಕೆ 13-0-45 ಗೊಬ್ಬರ, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಇದೇ ರೀತಿ ಶುದ್ಧ ಮಾಡಬೇಕು.