ಫ್ರೇಮಿನ ಆಚೆ ಏನಿದೆ ಅಂತ ಎಐಗೆ ಗೊತ್ತಿಲ್ಲ: ಕ್ಯಾಮೆರಾ ಚಲನೆಯ ಪ್ರಾಂಪ್ಟ್ ಬರೆಯುವವರಿಗೆ

ಚಿಕ್ಕಮಗಳೂರಿನಲ್ಲಿ ನಮ್ಮ ಕೈಗೆ ಬರುವ ಎಐ ವಿಡಿಯೋ ಕೆಲಸ ಹೆಚ್ಚಾಗಿ ಹೋಮ್‌ಸ್ಟೇ, ರೆಸಾರ್ಟ್, ಕಾಫಿಪುಡಿ ಅಂಗಡಿಗಳ ರೀಲ್ಸ್. ಮಾಲೀಕರು ಒಂದೇ ಒಂದು ಫೋಟೊ ಕಳಿಸಿ, "ಕ್ಯಾಮೆರಾ ಮನೆ ಸುತ್ತ ಹೋಗೋ ಹಾಗೆ ಮಾಡಿಕೊಡಿ ಸರ್" ಅಂತಾರೆ. ತೊಡಕು ಇರುವುದೇ ಅಲ್ಲಿ. ಫೋಟೊದಲ್ಲಿ ಕಾಣುವುದು ಮನೆಯ ಒಂದೇ ಬದಿ. ಕ್ಯಾಮೆರಾ ಸರಿದ ಕೂಡಲೇ ಅಂಚಿನಿಂದ ಹೊಸ ಜಾಗ ಫ್ರೇಮಿನೊಳಗೆ ಬರುತ್ತದೆ. ಆ ಜಾಗವನ್ನು ಮಾಡೆಲ್, ಅಂದರೆ ವಿಡಿಯೋ ಮಾಡುವ ಎಐ, ತಾನೇ ಊಹಿಸಿ ತುಂಬುತ್ತದೆ. ಆದ್ದರಿಂದ ಪ್ರಾಂಪ್ಟ್‌ಗೆ, ಅಂದರೆ ಎಐಗೆ ಬರೆದುಕೊಡುವ ಸೂಚನೆಗೆ, ಚಲನೆ ಆರಿಸುವ ಮೊದಲು, ಅದು ಕಾಣದ ಜಾಗವನ್ನು ಎಷ್ಟು ಕೇಳುತ್ತದೆ ಎಂದು ಲೆಕ್ಕ ಹಾಕಿ.

ಝೂಮ್ ಇನ್ ಏನನ್ನೂ ಕೇಳುವುದಿಲ್ಲ, ಇರುವುದನ್ನೇ ದೊಡ್ಡದು ಮಾಡುತ್ತದೆ. ಪುಶ್ ಇನ್, ಅಂದರೆ ಕ್ಯಾಮೆರಾವೇ ಮುಂದೆ ಹೋಗುವುದು, ಸ್ವಲ್ಪ ಮಾತ್ರ ಕೇಳುತ್ತದೆ: ಹತ್ತಿರದ ಗಿಡ ಬದಿಗೆ ಸರಿದಾಗ ಅದರ ಹಿಂದಿದ್ದದ್ದು ಕಾಣಬೇಕು. ಪುಲ್ ಔಟ್ (ಕ್ಯಾಮೆರಾ ಹಿಂದಕ್ಕೆ ಹೋಗುವುದು), ಪ್ಯಾನ್ (ನಿಂತಲ್ಲೇ ತಿರುಗುವುದು), ಟ್ರಕ್ (ಪಕ್ಕಕ್ಕೆ ಸರಿಯುವುದು) ಇವುಗಳಲ್ಲಿ ಹೊಸ ಜಾಗ ಬರುತ್ತಲೇ ಇರುತ್ತದೆ. ಆರ್ಬಿಟ್, ಅಂದರೆ ಕ್ಯಾಮೆರಾ ಮನೆಯ ಸುತ್ತ ಸುತ್ತುವುದು, ಎಲ್ಲಕ್ಕಿಂತ ಕಷ್ಟದ್ದು. ಮನೆಯ ಹಿಂಭಾಗವನ್ನು ಪೂರ್ತಿ ಕಲ್ಪಿಸಬೇಕಾಗುವುದರಿಂದ ಇಲ್ಲದ ಕಿಟಕಿ, ಇಲ್ಲದ ಮೆಟ್ಟಿಲು ಹುಟ್ಟಿಕೊಳ್ಳುತ್ತವೆ. ಅದನ್ನು ನೋಡಿ ಅತಿಥಿಗಳು ಬುಕ್ ಮಾಡುತ್ತಾರೆ ಎನ್ನುವುದನ್ನು ಮರೆಯಬಾರದು. ನಿಜವಾದ ಕಟ್ಟಡಕ್ಕೆ ನಿಧಾನದ ಪುಶ್ ಇನ್ ಸಾಕು. ಬಾಗಿಲು ದಾಟಿ ಒಳಗೆ ಹೋಗಲೇಬೇಕು ಎಂದರೆ ಒಳಕೋಣೆಯ ಫೋಟೊವನ್ನೂ ತರಿಸಿ, ಕೊನೆಯ ಫ್ರೇಮ್ ಆಗಿ ಕೊಡಿ. ಕ್ಲಿಂಗ್, ವಿಯೋ, ರನ್‌ವೇ ಎಂಬ ಎಐ ವಿಡಿಯೋ ಸಾಧನಗಳು ಮೂರರಲ್ಲೂ ಮೊದಲ ಮತ್ತು ಕೊನೆಯ ಫ್ರೇಮ್ ಕೊಡುವ ಸೌಲಭ್ಯವಿರುವ ಮಾಡೆಲ್‌ಗಳಿವೆ. ಎರಡು ಫೋಟೊಗಳ ಬೆಳಕು ಒಂದೇ ಹೊತ್ತಿನದ್ದಾಗಿರಲಿ. ಇಲ್ಲವಾದರೆ ನಡುವೆ ಬಣ್ಣ ಹಠಾತ್ತನೆ ಬದಲಾಗುತ್ತದೆ.

ಪ್ಯಾನ್ ಮತ್ತು ಟ್ರಕ್ ಅನ್ನು ಬೆರೆಸಬೇಡಿ. ಪ್ಯಾನ್‌ನಲ್ಲಿ ಕ್ಯಾಮೆರಾ ನಿಂತಲ್ಲೇ ಪಕ್ಕಕ್ಕೆ ತಿರುಗುತ್ತದೆ, ಟ್ರಕ್‌ನಲ್ಲಿ ಇಡೀ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತದೆ. ಟಿಲ್ಟ್ ಮತ್ತು ಪೆಡಸ್ಟಲ್ ನಡುವೆ ಇರುವುದೂ ಇದೇ ವ್ಯತ್ಯಾಸ, ಮೇಲೆ ಕೆಳಗೆ ಅಷ್ಟೆ. "ಕ್ಯಾಮೆರಾ ಎಡಕ್ಕೆ ಹೋಗಲಿ" ಎಂದಷ್ಟೇ ಬರೆದರೆ ಎರಡರಲ್ಲಿ ಯಾವುದೂ ಬರಬಹುದು. ಹೈಲುವೊ ಎಂಬ ಇನ್ನೊಂದು ಎಐ ವಿಡಿಯೋ ಸಾಧನದ ಡೈರೆಕ್ಟರ್ ಮಾಡೆಲ್‌ನಲ್ಲಿ ಈ ಹೆಸರುಗಳನ್ನು ಚೌಕ ಆವರಣದೊಳಗೆ ಬರೆಯುವ ಪದ್ಧತಿ ಇದೆ. ಒಂದೇ ಆವರಣದಲ್ಲಿ ಬರೆದವು ಒಟ್ಟಿಗೆ ನಡೆಯುತ್ತವೆ, ಬೇರೆ ಬೇರೆ ಆವರಣದವು ಒಂದರ ನಂತರ ಒಂದು. ಒಟ್ಟಿಗೆ ಮೂರಕ್ಕಿಂತ ಹೆಚ್ಚು ಬೇಡ ಎನ್ನುವುದು ಅವರದೇ ಸಲಹೆ. ನಮ್ಮ ಅಭಿಪ್ರಾಯದಲ್ಲಿ ಒಂದು ಕ್ಲಿಪ್‌ಗೆ ಒಂದೇ ಚಲನೆ ಸರಿ. 8 ಸೆಕೆಂಡಿನ ಕ್ಲಿಪ್‌ನಲ್ಲಿ, ಸೆಕೆಂಡಿಗೆ 24ರಂತೆ, 192 ಫ್ರೇಮ್ ಮಾತ್ರ ಇರುತ್ತವೆ. ಅಷ್ಟರಲ್ಲೇ ಪುಶ್ ಇನ್, ಆರ್ಬಿಟ್, ಕ್ರೇನ್ (ಕ್ಯಾಮೆರಾ ಎತ್ತರಕ್ಕೆ ಏರುವುದು ಅಥವಾ ಇಳಿಯುವುದು) ಎಲ್ಲ ಕೇಳಿದರೆ ಮಾಡೆಲ್ ಒಂದನ್ನು ಬಿಟ್ಟುಬಿಡುತ್ತದೆ, ಇಲ್ಲವೇ ನಡುವೆ ಕಟ್ ಹಾಕುತ್ತದೆ.

ಕ್ಯಾಮೆರಾ ಅಲ್ಲಾಡಬಾರದು ಎಂದಾಗ "ಅಲ್ಲಾಡಬೇಡ" ಎಂದು ಬರೆಯುವುದಕ್ಕಿಂತ "ಸ್ಟ್ಯಾಟಿಕ್ ಶಾಟ್, ಲಾಕ್ಡ್ ಕ್ಯಾಮೆರಾ" ಎಂದು ಬೇಕಾದದ್ದನ್ನೇ ಹೇಳಿ. ನಿಷೇಧದ ವಾಕ್ಯ ಅನೇಕ ಸಲ ಉಲ್ಟಾ ಹೊಡೆಯುತ್ತದೆ. "ಡ್ರೋನ್ ಶಾಟ್" ಬರೆದಾಗ ಆಕಾಶದಲ್ಲಿ ಡ್ರೋನೇ ಕಾಣಿಸಿಕೊಳ್ಳುವುದೂ ಉಂಟು. ಅದರ ಬದಲು "ಏರಿಯಲ್ ವ್ಯೂ" ಬರೆಯಬಹುದು.

ಇನ್ನು ತೋಟದ ವಿಷಯ. ಇಲ್ಲಿ ಹೆಚ್ಚು ಹೇಳಬೇಕಿದೆ, ಏಕೆಂದರೆ ನಮ್ಮ ತೋಟ ಎಐಗೆ ಸುಲಭವಾಗಿ ಒಗ್ಗುವ ಜಾಗವಲ್ಲ. "ಕಾಫಿ ತೋಟ, ಕ್ರೇನ್ ಅಪ್" ಎಂದಷ್ಟೇ ಬರೆದರೆ ಬಟಾಬಯಲಿನ ಸಾಲುಗಿಡಗಳೋ ಟೀ ತೋಟದಂಥ ಇಳಿಜಾರೋ ಬರುತ್ತದೆ. ನಮ್ಮಲ್ಲಿ ಕಾಫಿ ಇರುವುದು ಮರದ ನೆರಳಲ್ಲಿ. ಕ್ಯಾಮೆರಾ ನೇರ ಮೇಲೇರಿದರೆ ಮೊದಲು ಸಿಗುವುದು ಕೊಂಬೆ, ಎಲೆ. ಹಾಗಾಗಿ ಏರುವ ದಾರಿಯನ್ನೇ ಬರೆಯಬೇಕು: ಕಾಫಿ ಗಿಡದ ಎತ್ತರದಿಂದ ಶುರು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಕಾಂಡಗಳ ನಡುವೆ ನಿಧಾನವಾಗಿ ಮೇಲಕ್ಕೆ, ನೆರಳುಮರಗಳ ತಲೆ ದಾಟಿ, ಕೊನೆಗೆ ಹಸಿರು ಹುಲ್ಲಿನ ಗಿರಿಸಾಲು. ಶುರು, ದಾರಿ, ಕೊನೆ ಮೂರೂ ಇದ್ದಾಗ ಮಾಡೆಲ್ ದಾರಿ ತಪ್ಪುವುದು ಕಡಿಮೆ.

ಟ್ರಕ್ ಶಾಟ್‌ಗೆ ಆಳ ಬೇಕು. ಹತ್ತಿರದಲ್ಲಿ ಹಣ್ಣು ತುಂಬಿದ ರೆಂಬೆ, ನಡುವೆ ಮರದ ಕಾಂಡ, ದೂರದಲ್ಲಿ ಗುಡ್ಡ ಎಂದು ಮೂರು ಅಂತರಗಳನ್ನು ಹೆಸರಿಸಿ. ಹತ್ತಿರದ್ದು ಬೇಗ, ದೂರದ್ದು ನಿಧಾನ ಸರಿದಾಗಲೇ ಕ್ಯಾಮೆರಾ ಚಲಿಸಿದ್ದು ಕಣ್ಣಿಗೆ ಗೊತ್ತಾಗುವುದು. ಮಳೆಗಾಲದ ದಟ್ಟ ಮಂಜಿನ ಶಾಟ್‌ಗಳು ಕೆಡುವುದಕ್ಕೂ ಇದೇ ಕಾರಣ. ಹಿಡಿದುಕೊಳ್ಳಲು ಗುರುತೇ ಇಲ್ಲದಾಗ ಮಂಜು ಮಾತ್ರ ಚಲಿಸುತ್ತದೆ, ಕ್ಯಾಮೆರಾ ನಿಂತಂತೆಯೇ ಕಾಣುತ್ತದೆ. ಮುಂದೆ ಒಂದು ಬೇಲಿ ಕಂಬವೋ ಗೇಟೋ ಇಡಿ.

ವೇಗವೂ ಮುಖ್ಯ. ತೋಟದ ತುಂಬ ಸಣ್ಣ ಸಣ್ಣ ಎಲೆ. ಕ್ಯಾಮೆರಾ ಜೋರಾಗಿ ಸರಿದರೆ ಎಲೆಗಳು ಫ್ರೇಮಿನಿಂದ ಫ್ರೇಮಿಗೆ ಆಕಾರ ಬದಲಿಸಿ ಕುದಿಯುವಂತೆ ಕಾಣುತ್ತವೆ. "ಸ್ಲೋ" ಸಾಲದು. "ಕ್ಲಿಪ್ ಮುಗಿಯುವಷ್ಟರಲ್ಲಿ ಕ್ಯಾಮೆರಾ ಒಂದು ಹೆಜ್ಜೆ ಮಾತ್ರ ಮುಂದೆ" ಎಂದು ದೂರವನ್ನೇ ಹೇಳಿ, ಹಿನ್ನೆಲೆ ಮಸುಕಾಗಿರಲಿ ಎಂದು ಸೇರಿಸಿ. ಹಣ್ಣು ಕೊಯ್ಯುವ ಕೈ, ಲೋಟದಿಂದ ಬಟ್ಟಲಿಗೆ ಸುರಿಯುವ ಕಾಫಿ ಇಂಥವುಗಳಿಗೆ ಕ್ಯಾಮೆರಾ ನಿಂತೇ ಇರಲಿ. ಬೆರಳೂ ಚಲಿಸಿ ಕ್ಯಾಮೆರಾವೂ ಚಲಿಸಿದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವ್ಯಕ್ತಿಯ ಚಲನೆಗೆ ಒಂದು ವಾಕ್ಯ, ಕ್ಯಾಮೆರಾದ್ದಕ್ಕೆ ಇನ್ನೊಂದು ವಾಕ್ಯ ಬರೆದರೆ ಯಾರು ಸರಿಯಬೇಕು ಎಂಬ ಗೊಂದಲ ಕಡಿಮೆಯಾಗುತ್ತದೆ.

ಫೋಟೊದಿಂದ ಮಾಡುವಾಗ ಫೋಟೊದಲ್ಲಿರುವುದನ್ನು ಮತ್ತೆ ವರ್ಣಿಸಬೇಡಿ, ಚಲನೆ ಮಾತ್ರ ಬರೆಯಿರಿ. ಬರೀ ಪಠ್ಯದಿಂದ ಮಾಡುವಾಗ ಶಾಟ್‌ನ ಅಳತೆ (ಹತ್ತಿರದ್ದೋ ದೂರದ್ದೋ) ಮತ್ತು ಚಲನೆಯನ್ನು ಮೊದಲೇ ಬರೆದು, ನಂತರ ಜಾಗ, ಬೆಳಕು. ಮೊದಲ ಪ್ರಯತ್ನ ಕಡಿಮೆ ರೆಸಲ್ಯೂಶನ್‌ನಲ್ಲಿ ಇರಲಿ. ಸರಿಹೋಗದಿದ್ದರೆ ಒಂದು ಸಲಕ್ಕೆ ಒಂದೇ ಪದ ಬದಲಿಸಿ, ಯಾವುದರಿಂದ ಏನಾಯಿತು ಎಂದು ತಿಳಿಯುತ್ತದೆ. ಕೊಡುವ ಮುಂಚೆ ಮೊದಲ, ನಡುವಿನ, ಕೊನೆಯ ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟು ಕಿಟಕಿ, ಕಂಬ, ಹೆಂಚಿನ ಸಾಲು ಎಣಿಸಿ.

ಹಾಸನದ ಕಡೆಯ ಗ್ರಾಹಕರು ಬೇಲೂರು, ಹಳೇಬೀಡು ಕೇಳುತ್ತಾರೆ. ಅದಕ್ಕೆ ನಮ್ಮ ಉತ್ತರ ಒಂದೇ: ಶಿಲ್ಪಕ್ಕೆ ಎಐ ಕ್ಯಾಮೆರಾ ಬೇಡ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಕೆಳಗಿನ ಆನೆಸಾಲಿನ ಮೇಲೆ ಟ್ರಕ್ ಮಾಡಿಸಿದರೆ ಆನೆಗಳ ಕಾಲುಗಳು ಕಲೆತುಹೋಗುತ್ತವೆ, ಯಾವ ಶಿಲ್ಪಿಯೂ ಕೆತ್ತದ ಮೂರ್ತಿಗಳು ಮೂಡುತ್ತವೆ. ಅದನ್ನು ದೇವಸ್ಥಾನ ಎಂದು ತೋರಿಸುವುದು ಸುಳ್ಳು. ಫೋನನ್ನು ಗಿಂಬಲ್‌ಗೆ (ಕೈ ನಡುಕ ತಡೆಯುವ ಹಿಡಿಕೆಗೆ) ಹಾಕಿ ಗೋಡೆಗೆ ಸಮಾನಾಂತರವಾಗಿ ನಡೆದರೆ ಅದೇ ಟ್ರಕ್ ಶಾಟ್ ನಿಜವಾಗಿ ಸಿಗುತ್ತದೆ. ದೇವಸ್ಥಾನ ಪೂರ್ವಾಭಿಮುಖ. ಹಾಗಾಗಿ ಹಿಂಬದಿಯ ಪಡುವಣ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಟ್ರೈಪಾಡ್ ಬಳಸುವುದಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದುಕೊಳ್ಳಿ.